ಕೋವಿಯ ಊರು ಯಾವುದು

ದೊಡ್ಡಮಳೂರಿನ ಉಳ್ಳವರ ಮನೆಯೊಂದರ ಕೋವಿ ಟಿಪ್ಪುವಿನದಂತೆ ಎಂದು ಕೇಳುತ್ತಲೇ ಬೆಳೆದವರು ನಾವು. ಅದಕ್ಕೆ ಹೆದರಿಯೇ ನಮ್ಮ ತಾತಂದಿರು ಪೊದೆ ಬಡಿದು ಹಂದಿ ಎಬ್ಬಿಸುವ ಬಿಟ್ಟಿಗೆ ಹೋಗುತ್ತಿದ್ದರು. ಹೊಡೆದ ಹೆಸರು ಕೋವಿಯವರಿಗೆ, ಹಂದಿ ತಿವಿದ ಗಾಯ ನಮ್ಮವರಿಗೆ.

ಈಗ ಕೇರಿಯಲ್ಲಿ ಬಿ.ಎ. ಆದ ನಮ್ಮನ್ನು ಕರೆಸಿದರು. 'ಓದಿದ್ದೀರಲ್ಲಾ, ಇದ್ರ ಮ್ಯಾಲೆ ಏನ್ ಬರ್ದೈತೆ ನೋಡ್ರಲಾ.' ಜಗುಲಿ ಹತ್ತಿಸಲಿಲ್ಲ. ಕೋವಿಯನ್ನೇ ಅಂಗಳಕ್ಕೆ ಇಳಿಸಿದರು.

ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ. ಟಿಪ್ಪು ಸತ್ತದ್ದು 1799ರಲ್ಲಿ. ಸಿಡಿಮದ್ದಿಗೆ ಪೆಟ್ಟು ಕೊಟ್ಟು ಕೋವಿ ಹೊತ್ತಿಸುವ ಉಪಾಯಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಫೋರ್ಸೈತ್ ಪೇಟೆಂಟ್ ಪಡೆದದ್ದು 1807ರಲ್ಲಿ. ಕೇಪು ಇನ್ನೂ ಆಮೇಲಿನದು. ಟಿಪ್ಪುವಿನವು ಚಕಮಕಿ ಕಲ್ಲಿನವು. ಶ್ರೀರಂಗಪಟ್ಟಣದಲ್ಲಿ ಅವನಿಗಾಗಿ ಮಾಡಿದ ಕೋವಿಗಳಲ್ಲಿ ಹುಲಿಪಟ್ಟೆ, ಪಾರಸಿ ಅಕ್ಷರ, ಕೆಲವದರಲ್ಲಿ ಮಾಡಿದವನ ಹೆಸರೂ ಉಂಟು. ಚಕಮಕಿಯದನ್ನೇ ಆಮೇಲೆ ಕೇಪಿಗೆ ತಿದ್ದಿಸಿದ್ದಾರು ಎಂದು ನಳಿಗೆ ಬಿಚ್ಚಿಸಿದೆವು. ಅಡಿಯಲ್ಲಿ ಮೊಟ್ಟೆಯಾಕಾರದ ಮುದ್ರೆ, ಒಳಗೆ ಇ ಎಲ್ ಜಿ, ನೆತ್ತಿಯಲ್ಲಿ ಕಿರೀಟ. ಬೆಲ್ಜಿಯಂನ ಲಿಯೇಜ್ ಊರಲ್ಲಿ ನಳಿಗೆ ಪರೀಕ್ಷಿಸಿ ಒತ್ತುವ ಗುರುತು. ಕಿರೀಟ ಸೇರಿದ್ದು 1893ರಲ್ಲಿ. ಅಲ್ಲಿಂದ ಅಗ್ಗದ ಕೋವಿಗಳು ದೇಶದೇಶಕ್ಕೆ ಮಾರಾಟಕ್ಕೆ ಹೋಗುತ್ತಿದ್ದವು. ಸಂತೆ ಮಾಲಿಗೆ ಹೆದರಿ ಸತ್ತರಲ್ಲ ನಮ್ಮವರು!

ಹೇಳಿದೆವು. ಜಗುಲಿಯ ಮುಖಗಳು ಸಪ್ಪಗಾದವು.

ಜೊತೆಗಿದ್ದ ತೊಗಲಿನ ಮದ್ದುಚೀಲ ಯಾರದೆಂದು ಯಾರೂ ಕೇಳಲಿಲ್ಲ. ಅಂಗಳ ಗುಡಿಸುತ್ತಿದ್ದ ಅವ್ವ ಅದರ ಹೊಲಿಗೆ ಸವರಿ ಅಂದಳು: 'ನಿಮ್ ತಾತನ್ ಕೈ ಕಣ್ರಲಾ ಇದು. ಎಲ್ಡೆಳೆ ದಾರ, ಗಂಟು ಒಳೀಕೆ. ಮೂರು ಸೇರು ರಾಗಿ ಕೊಡ್ತೀವಿ ಅಂದಿದ್ರು.'

ಆ ರಾಗಿ ಇನ್ನೂ ಬಂದಿಲ್ಲ.