ಒಂದೇ ವಿಮಾನ, ಮೂರು ದರ

ಮಾದಿಹಳ್ಳಿಯ ಮನೆಯೊಂದರಲ್ಲಿ ನೇಪಾಳ ಪ್ರವಾಸದ ಲೆಕ್ಕ ನಡೆದಿತ್ತು. ಕಾಠ್ಮಂಡುವಿನಿಂದ ಪೋಖರಾಕ್ಕೆ ಹೋಗುವ ವಿಮಾನದಲ್ಲಿ ನೇಪಾಳಿಗರಿಗೆ ಒಂದು ದರ, ಭಾರತೀಯರಿಗೆ ತುಸು ಹೆಚ್ಚಿನ ಇನ್ನೊಂದು, ಉಳಿದ ವಿದೇಶಿಯರಿಗೆ ಡಾಲರಿನಲ್ಲಿ ಎಲ್ಲಕ್ಕಿಂತ ದುಬಾರಿಯಾದ ಮತ್ತೊಂದು. ತಾತನದು ಭಾರತದ ಪಾಸ್‌ಪೋರ್ಟ್. ಅಮೆರಿಕದಲ್ಲಿ ಹುಟ್ಟಿ ರಜೆಗೆ ಬಂದಿದ್ದ ಹದಿನಾರರ ಮೊಮ್ಮಗಳದು ಅಲ್ಲಿಯದು.

"ನನ್ನ ಹತ್ರ ಓಸಿಐ ಕಾರ್ಡ್ ಇದೆಯಲ್ಲ ತಾತ?" ಎಂದಳು ಹುಡುಗಿ.

ಆ ಕಾರ್ಡು ಇದ್ದವರಿಗೆ ಭಾರತದೊಳಗಿನ ವಿಮಾನಗಳಲ್ಲಿ 2007ರಿಂದಲೂ ಇಲ್ಲಿಯವರ ದರವೇ. ಹಂಪಿಯ ವಿಠ್ಠಲ ದೇವಸ್ಥಾನದಲ್ಲಿ 2018ರಲ್ಲಿ ಭಾರತೀಯರಿಗೆ 40, ವಿದೇಶಿಯರಿಗೆ 600 ರೂಪಾಯಿ ಎಂದು ಗೊತ್ತುಮಾಡಿದರಲ್ಲ, ಅಲ್ಲಿಯೂ ಕಾರ್ಡು ತೋರಿಸಿದರೆ ಇವಳಿಗೆ ನಲವತ್ತೇ. ಗಡಿ ದಾಟಿದ ಮೇಲೆ ಮಾತ್ರ ಅದು ನಡೆಯದು.

ವಿಮಾನಕ್ಕೆ ತಿಳಿಯುವುದು ತೂಕವೊಂದೇ. ತೂಕದಲ್ಲಿ ಹುಡುಗಿ ತಾತನಿಗಿಂತ ಹಗುರ; ಟಿಕೆಟ್ಟು ಮಾತ್ರ ಭಾರ! ತಾತನಿಗೆ ಮೊದಲು ಸಿಟ್ಟೇ ಬಂತು. ಆದರೆ ಅದು ಬೆಟ್ಟಗಳ ದೇಶ. ಪೋಖರಾಕ್ಕೆ ರಸ್ತೆ ಸುಮಾರು 200 ಕಿ.ಮೀ.; ಬಸ್ಸಿಗೆ ಹೆಚ್ಚುಕಡಿಮೆ ಇಡೀ ಹಗಲು ಬೇಕು, ವಿಮಾನಕ್ಕೆ ಅರ್ಧ ಗಂಟೆ. ಸರಿಯಾದ ರಸ್ತೆಯೇ ಇಲ್ಲದ ಊರುಗಳವರಿಗಂತೂ ವಿಮಾನವೇ ಬಸ್ಸು. ಪ್ರವಾಸಿಯ ದರವನ್ನೇ ಕೇಳಿದರೆ ಅಲ್ಲಿಯ ರೋಗಿ ಆಸ್ಪತ್ರೆಗೆ ಬರುವುದೆಂತು?

"ಹಾಗಾದ್ರೆ ಕೊಡೋಣ ಬಿಡಿ," ಎಂದಳು ಮೊಮ್ಮಗಳು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ನಾನು ಫಾರಿನರ್ ಅಂತ ನೀವು ಹೇಳ್ಬಾರ್ದು."

ತಾತ ಮಾತಾಡಲಿಲ್ಲ. ಭೂಪಟ ತಂದು ಹರಡಿದರು. ಪಶ್ಚಿಮಕ್ಕೆ ಹಾರುವಾಗ ಹಿಮದ ಸಾಲು ಬಲಕ್ಕೆ. ಬಲಗಡೆಯ ಕಿಟಕಿ ಅವಳಿಗೇ ಎಂದು ಗುರುತು ಹಾಕಿಕೊಂಡರು.