ಕೇಳಿದವರಿಗೆ, ಕೇಳಿದಷ್ಟು

ತರೀಕೆರೆ ಕಡೆಯಿಂದ ಬಂದರೆ ಮೊದಲು ಸಿಗೋದು ನರಸಿಂಹರಾಜಪುರ, ಆಮೇಲೆ ಕೊಪ್ಪ, ಕೊನೆಗೆ ಶೃಂಗೇರಿ. ಮೂರೂ ಊರು ಸೇರಿ ಒಂದೆರಡು ಗಂಟೆಯ ದಾರಿ. ಅಷ್ಟರಲ್ಲೇ ಎಷ್ಟೊಂದು ನಂಬಿಕೆಗಳ ಅಂಗಳ ದಾಟಿ ಹೋಗ್ತೀವಿ! ನಾನು ಕ್ರೈಸ್ತ. ಬೈಬಲ್ಲಿನಲ್ಲಿ ನನಗೆ ಸಿಕ್ಕ ಸಮಾಧಾನವನ್ನು ಬೇರೆಯವರಿಗೆ ಹೇಳೋದು ಹೇಗೆ ಅನ್ನೋ ಪ್ರಶ್ನೆ ಈ ಸಲ ನನ್ನ ಜೊತೆಗೇ ಬಸ್ ಹತ್ತಿತ್ತು.

ನರಸಿಂಹರಾಜಪುರ ಅಂದರೆ ಜನರ ಬಾಯಲ್ಲಿ ಎನ್.ಆರ್. ಪುರ. ಹಳೆಯ ಹೆಸರು ಎಡೇಹಳ್ಳಿ. ಇಲ್ಲಿ ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿ ಇದೆ, ಬಾಳೆಹೊನ್ನೂರಿಗೆ ಹೋದರೆ ರಂಭಾಪುರಿ ಪೀಠ. ಕೇರಳದಿಂದ ಬಂದು ರಬ್ಬರ್, ಅಡಿಕೆ, ಕಾಳುಮೆಣಸು ಬೆಳೆದ ಕ್ರೈಸ್ತ ಕುಟುಂಬಗಳೂ ಇಲ್ಲಿ ನೆಲೆಯೂರಿವೆ. ನಾನು ಉಳಿದುಕೊಂಡ ಮನೆಯ ಅಜ್ಜಿ ಮಲಯಾಳಂ ಬೈಬಲ್ ಓದ್ತಾರೆ, ಮೊಮ್ಮಗಳು ಫೋನಿನಲ್ಲಿ ಕನ್ನಡದ್ದು. "ಅಕ್ಕಪಕ್ಕದವರಿಗೆ ನೀವು ಯೇಸುವಿನ ಬಗ್ಗೆ ಹೇಳ್ತೀರಾ ಅಜ್ಜಿ?" ಅಂತ ಕೇಳಿದೆ. "ನಮ್ಮನ್ನ ನೋಡಿ ಅವರೇ ಕೇಳ್ಬೇಕು ಮೋನೇ. ಕೇಳಿದರೆ ಹೇಳದೆ ಇರಬಾರದು" ಅಂದರು. ಪೇತ್ರನ ಮೊದಲ ಪತ್ರಿಕೆಯ 3ನೇ ಅಧ್ಯಾಯ, 15ನೇ ವಚನದ ಸಾರವೂ ಹೆಚ್ಚುಕಡಿಮೆ ಇದೇ: ನಿಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಿರಿ, ಆದರೆ ಮೆತ್ತಗೆ, ಮರ್ಯಾದೆಯಿಂದ.

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆ ಕುವೆಂಪು ಹುಟ್ಟಿದ ಊರು (1904). ಅವರ 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಪಾದ್ರಿ ಜೀವರತ್ನಯ್ಯ ನೆನಪಿರಬೇಕು. ಮಲೆನಾಡಿಗೆ ಯೇಸುವಿನ ಮಾತು ತಂದ ಪಾದ್ರಿ. ಆದರೆ ನಮಗೆ ಥಟ್ಟನೆ ನೆನಪಾಗೋದು ಅವರ ಬೈಸಿಕಲ್! ಗೌಡರ ಮಗ ದೇವಯ್ಯ ಎಲ್ಲಿ ಜಾತಿ ಬಿಡ್ತಾನೋ ಅಂತ ಮನೆಯವರಿಗೆ ದಿಗಿಲು. ಆ ದಿಗಿಲು ಇವತ್ತಿಗೂ ಪೂರ್ತಿ ಹೋಗಿಲ್ಲ. ಅದನ್ನು ತಿಳಿಯದೆ ವಚನ ಹೇಳಹೊರಟರೆ ಎದುರಿನವರಿಗೆ ಕೇಳಿಸೋದು ವಚನವಲ್ಲ, ಬಲೆ ಬೀಸುವ ಸದ್ದು.

ಹಾಗಂತ ಕನ್ನಡಕ್ಕೆ ಬೈಬಲ್ ಹೊಸದೇನಲ್ಲ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತವರ ಜೊತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂದಿತ್ತು. ನಿಘಂಟಿನ ಕಿಟ್ಟೆಲ್ ಅವರು 1862ರಲ್ಲಿ 'ಕಥಾಮಾಲೆ' ಬರೆದು ಕ್ರಿಸ್ತನ ಬದುಕನ್ನು ನಮ್ಮ ಕಾವ್ಯದ ಧಾಟಿಯಲ್ಲೇ ಹೇಳಿದರು. ಕೇಳುವವರ ಕಿವಿಗೆ ಒಗ್ಗುವಂತೆ ಹೇಳಬೇಕು ಅನ್ನೋದು ಅವರಿಗೆ ಗೊತ್ತಿತ್ತು.

ಶೃಂಗೇರಿಯಲ್ಲಿ ತುಂಗೆಯ ಮೀನು, ವಿದ್ಯಾಶಂಕರ ದೇಗುಲದ ಕಂಬಗಳು, ಪಾರ್ಶ್ವನಾಥ ಬಸದಿ ಎಲ್ಲ ನೋಡಿಕೊಂಡು ಗೆಳೆಯನ ಮನೆಗೆ ಹೋದೆ. ಅವನ ತಂದೆ ತೀರಿಕೊಂಡು ಎರಡು ತಿಂಗಳಾಗಿತ್ತು. ಊಟ ಆದ ಮೇಲೆ ಅವನ ಅಮ್ಮ ಜಗಲಿಯಲ್ಲಿ ಅಡಿಕೆ ಕತ್ತರಿಸ್ತಾ, "ನಿಮ್ಮ ಪುಸ್ತಕದಲ್ಲಿ ಸಾವಿಗೆ ಎಂತ ಹೇಳಿದೆ ಮಾರಾಯ?" ಅಂದರು. ಗೆಳೆಯ ನನ್ನ ಮುಖ ನೋಡಿದ. ಎದೆ ಡವಗುಟ್ಟಿತು. ಅವರ ದುಃಖವನ್ನು ನನ್ನ ನಂಬಿಕೆಗೆ ಮೆಟ್ಟಿಲು ಮಾಡಿಕೊಳ್ಳಬಾರದು. ಹಾಗಂತ ಕೇಳಿದವರಿಗೆ ಏನೂ ಹೇಳದೆ ಎದ್ದುಹೋಗೋದೂ ಸರಿಯಲ್ಲ.

ಯೋಹಾನನ ಸುವಾರ್ತೆಯ 11ನೇ ಅಧ್ಯಾಯದ ಕಥೆ ಹೇಳಿದೆ. ಲಾಜರ ಸತ್ತಿದ್ದಾನೆ, ಅಕ್ಕತಂಗಿಯರು ಅಳ್ತಿದ್ದಾರೆ, ಸಮಾಧಿಯ ಹತ್ತಿರ ಬಂದ ಯೇಸುವೂ ಅತ್ತ.

"ದೇವರೂ ಅತ್ನಾ?" ಅಡಕತ್ತರಿ ನಿಂತಿತು.

"ಹೌದಮ್ಮ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರೇ, "ಮತ್ತೆ ಎಂತ ಆಯ್ತು?" ಅಂದರು. ಲಾಜರ ಎದ್ದುಬಂದ ಕಥೆಯನ್ನೂ, ಸಾವೇ ಕೊನೆಯಲ್ಲ ಅಂತ ನಾನು ನಂಬೋದನ್ನೂ ಹೇಳಿದೆ. ಅವರು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. "ಅವನು ಅತ್ತಿದ್ದು ನಂಗೆ ಹಿಡಿಸ್ತು" ಅಂದು ಕಣ್ಣೊರೆಸಿಕೊಂಡರು.

ನಮ್ಮ ಸಂವಿಧಾನದ 25ನೇ ವಿಧಿ ಧರ್ಮ ಪ್ರಸಾರದ ಹಕ್ಕು ಕೊಡುತ್ತೆ. ಅದು ನಂಬಿಕೆಯ ತತ್ವ ತಿಳಿಸುವ ಹಕ್ಕೇ ಹೊರತು ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಕಾನೂನು ಹಾಕಿದ ಗೆರೆ ಅದು. ಅದಕ್ಕಿಂತ ನಾಜೂಕಾದ ಗೆರೆ ಆ ಜಗಲಿಯಲ್ಲಿತ್ತು.

ಬೆಳಗಾದರೆ ಹೂವಿನ ಚಿತ್ರದ ಮೇಲೊಂದು ವಚನ ಅಂಟಿಸಿ ಹತ್ತು ಗ್ರೂಪಿಗೆ ಫಾರ್ವರ್ಡ್ ಮಾಡೋದು ಸುಲಭ. ಅದು ಯಾರ ಪ್ರಶ್ನೆಗೆ ಉತ್ತರ? ಯಾವ ನಂಬಿಕೆಯವರಾದರೂ ಸರಿ, ಮೊದಲು ಎದುರಿಗಿರುವವರ ನೋವು ಕೇಳಿ. ಅವರು ಕೇಳಿದರೆ ನಿಮಗೆ ಬೆಳಕು ಕೊಟ್ಟ ಮಾತನ್ನು ಮುಚ್ಚಿಡಬೇಡಿ. "ಮತ್ತೆ ಎಂತ ಆಯ್ತು?" ಅನ್ನೋದನ್ನು ಮಾತ್ರ ಅವರಿಗೇ ಬಿಡಿ.