ಕಾವೇರಿಯೇ ಕಾವಲಿದ್ದ ಕೋಟೆ

ಬನ್ನೂರಿನಿಂದ ಶ್ರೀರಂಗಪಟ್ಟಣಕ್ಕೆ ಹೊರಟವರಿಗೆ ದಾರಿಯಲ್ಲಿ ಅರಕೆರೆ ಸಿಗುತ್ತದೆ. ಗದ್ದೆ, ಕಬ್ಬುಗಳ ನಡುವಿನ ಈ ಊರನ್ನು ನಾವು ಎಷ್ಟೋ ಸಲ ದಾಟಿದ್ದೇವೆ; ಆ ನೆಲದಲ್ಲಿ ನಡೆದುದನ್ನು ನೆನೆಯುವವರು ವಿರಳ. 1791ರ ಮೇ ತಿಂಗಳಿನಲ್ಲಿ ಕಾರ್ನ್‌ವಾಲಿಸನ ಸೇನೆ ಇಲ್ಲಿಗೆ ಬಂದು ಹೊಳೆ ದಾಟಲು ಹವಣಿಸಿತು. ಮಳೆಯಿಂದ ಕಾವೇರಿ ತುಂಬಿ ಹರಿಯುತ್ತಿದ್ದಳು. ಸೇನೆ ಕನ್ನಂಬಾಡಿಯ ಕಡೆಗೆ ಸರಿದರೂ ಫಲವಾಗಲಿಲ್ಲ. ಮೇವಿಲ್ಲದೆ ಎತ್ತುಗಳು ಸತ್ತವು. ಭಾರಿ ಫಿರಂಗಿಗಳನ್ನು ತಾನೇ ನಾಶಪಡಿಸಿ ಆತ ಹಿಂದಿರುಗಬೇಕಾಯಿತು. ದ್ವೀಪದ ಕೋಟೆಗೆ ಮೊದಲ ಗೋಡೆ ನದಿಯೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕಾವೇರಿಯು ಎರಡು ಕವಲಾಗಿ ತಬ್ಬಿಕೊಂಡಿರುವ ಈ ನಡುಗಡ್ಡೆಯಲ್ಲಿ ದೇವಾಲಯ ಮೊದಲು, ಕೋಟೆ ಅನಂತರ. ರಂಗನಾಥನ ಗುಡಿ ಕ್ರಿ.ಶ. 894ರಷ್ಟು ಹಿಂದಿನ ಗಂಗರ ಕಾಲದ್ದೆಂದು ಇತಿಹಾಸಕಾರರು ಹೇಳುತ್ತಾರೆ. ಕೋಟೆಯನ್ನು ನಾಗಮಂಗಲದ ತಿಮ್ಮಣ್ಣನು 1454ರಲ್ಲಿ ಕಟ್ಟಿಸಿದನೆಂದೂ, ಕಳಸವಾಡಿಯ ಬಸದಿಗಳ ಕಲ್ಲುಗಳನ್ನು ಅದಕ್ಕೆ ತಂದನೆಂದೂ ಪರಂಪರೆಯ ಹೇಳಿಕೆ. 1610ರಲ್ಲಿ ರಾಜ ಒಡೆಯರು ಇದನ್ನು ವಶಪಡಿಸಿಕೊಂಡರು. ಹೈದರ್ ಮತ್ತು ಟಿಪ್ಪು ಇದನ್ನು ಮತ್ತಷ್ಟು ಬಲಪಡಿಸಿದರು. ಹೀಗೆ ಒಂದೇ ಕೋಟೆಯಲ್ಲಿ ಹಲವು ಕಾಲಗಳು ಒಂದರ ಮೇಲೊಂದು ನಿಂತಿವೆ. ಪುರಾತತ್ತ್ವವೆಂದರೆ ಮಣ್ಣನ್ನು ಅಗೆಯುವುದಷ್ಟೇ ಅಲ್ಲ. ನಿಂತ ಗೋಡೆಯನ್ನು ಓದುವುದೂ ಹೌದು.

ಆದರೆ ನದಿಯ ಕಾವಲು ಮಳೆಗಾಲದ್ದು. 1799ರ ಮೇ 4ರ ಮಧ್ಯಾಹ್ನ ಕಾವೇರಿ ಬತ್ತಿ ಬಂಡೆಗಳು ಮೇಲೆದ್ದಿದ್ದವು. ಫಿರಂಗಿಗಳು ವಾಯವ್ಯ ಮೂಲೆಯಲ್ಲಿ ಬಿರುಕು ತೆರೆದಿದ್ದವು. ಬ್ರಿಟಿಷ್ ಸೈನಿಕರು ಹೊಳೆಯನ್ನು ಕಾಲ್ನಡೆಯಲ್ಲೇ ದಾಟಿ ಒಳನುಗ್ಗಿದರು. ಟಿಪ್ಪು ಅಂದೇ ಮಡಿದನು. ಒಂದೇ ಹೊಳೆ, ಒಂದೇ ಮಾಸ. ಎಂಟು ವರ್ಷಗಳ ಅಂತರದಲ್ಲಿ ಎಂತಹ ವ್ಯತ್ಯಾಸ!

ಕೋಟೆಯೊಳಗಿದ್ದ ಲಾಲ್ ಮಹಲ್ ಅರಮನೆಯನ್ನು ಅನಂತರ ಕೆಡವಲಾಯಿತು. ಅದರ ತಳಪಾಯದ ಕುರುಹು ಮಾತ್ರ ಇಂದು ಕಾಣಸಿಗುತ್ತದೆ. ಇದಕ್ಕೆ ವಿರುದ್ಧವಾದ ಒಂದು ಸಮಾಧಾನದ ಸಂಗತಿಯೂ ಉಂಟು. ಜೋಡಿ ರೈಲು ಮಾರ್ಗಕ್ಕೆ ಅಡ್ಡವಾಗಿದ್ದ ಟಿಪ್ಪುವಿನ ಕಾಲದ ಶಸ್ತ್ರಾಗಾರವನ್ನು ಒಡೆಯದೆ, 2017ರಲ್ಲಿ ಇಡಿಯಾಗಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಉಳಿಸಲಾಯಿತು. ಮನಸ್ಸು ಮಾಡಿದರೆ ಅಭಿವೃದ್ಧಿಯೂ ಇತಿಹಾಸವೂ ಒಟ್ಟಿಗೆ ಬಾಳಬಲ್ಲವು.

ನಮ್ಮ ಮನೆಗಳ ಮಕ್ಕಳು ಪಟ್ಟಣಕ್ಕೆ ಹೋದಾಗ ದರಿಯಾ ದೌಲತ್ತಿನ ಚಿತ್ರಗಳನ್ನು ನೋಡಿ, ಸಂಗಮದಲ್ಲಿ ಮಿಂದು ಹಿಂದಿರುಗುತ್ತಾರೆ. ಕೋಟೆಯ ಗೋಡೆಯ ಬಳಿ ನಿಲ್ಲುವವರು ಕಡಿಮೆ. ಗೋಡೆಯ ಸಂದುಗಳಲ್ಲಿ ಬೇರೂರುವ ಗಿಡಗಳು ಕಲ್ಲನ್ನು ಸಡಿಲಿಸುತ್ತವೆ; ಕೀಳುವ ಕೈ ಮನುಷ್ಯನದಾದರೆ ನಷ್ಟ ಇನ್ನೂ ಬೇಗ. ಮುಂದಿನ ಸಲ ಹಿರಿಯರು ಅರ್ಧ ಗಳಿಗೆ ಅಲ್ಲಿ ನಿಂತು ಮಕ್ಕಳಿಗೆ ಒಂದು ಕಲ್ಲನ್ನು ತೋರಿಸಿ ಈ ಕತೆ ಹೇಳಲಿ. ಗೊತ್ತಿರುವ ಕಲ್ಲನ್ನು ಯಾರೂ ಕೀಳಲಾರರು. ಆ ಕೋಟೆಯನ್ನು ಕಾದ ನೀರೇ ಅಲ್ಲವೇ ನಮ್ಮ ಬನ್ನೂರಿನ ಗದ್ದೆಗಳಿಗೂ ಹರಿದು ಬರುವುದು?